ಅಮೆರಿಕದ ಮಾಡೆಲ್ ಜಿಯಾ: ಅವಳ ಬದುಕು ಸಿನಿಮಾ ಆಗಬೇಕಿತ್ತೇ?

ಪರ: ಆಗಲೇಬೇಕಿತ್ತು

ಹತ್ತೊಂಬತ್ತನೇ ವಯಸ್ಸಿನಲ್ಲಿ ಕಾರವಾರದ ಒಂದು ಸೀರೆ ಅಂಗಡಿಯ ಕ್ಯಾಲೆಂಡರಿಗೆ ನಾನು ಫೋಟೋ ತೆಗೆಸಿಕೊಂಡಿದ್ದೆ. ಬ್ಲೌಸು ನನ್ನ ಅಳತೆಯದ್ದಲ್ಲ. ಅದನ್ನು ಬಿಗಿ ಮಾಡಲು ಬೆನ್ನ ಹಿಂದೆ ಬಟ್ಟೆ ಒಣಹಾಕುವ ಐದು ಕ್ಲಿಪ್ಪು, ಮೂರು ಸೇಫ್ಟಿ ಪಿನ್ನು. ಒಂದು ಪಿನ್ನು ಚರ್ಮಕ್ಕೇ ಚುಚ್ಚಿತ್ತು. "ನಗು ತಂಗಿ, ಇನ್ನೊಂದೇ ಫೋಟೋ" ಅಂದರು. ನಕ್ಕೆ. ದುಡ್ಡಿನ ಬದಲು ಆ ಸೀರೆ ಕೊಡುತ್ತೇವೆ ಅಂದಿದ್ದರು, ಅದನ್ನೂ ಕೊಡಲಿಲ್ಲ. ಕ್ಯಾಲೆಂಡರ್ ಬಂದಾಗ ಕೇರಿಯವರೆಲ್ಲ ಎಷ್ಟು ಚೆಂದ ಅಂದರು. ಆಯಿ ಮಾತ್ರ ಏನೂ ಅನ್ನಲಿಲ್ಲ. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದವಳು ಅವಳೇ.

ಮೈಕಲ್ ಕ್ರಿಸ್ಟೋಫರ್ 1998ರಲ್ಲಿ ನಿರ್ದೇಶಿಸಿದ 'ಜಿಯಾ' ಸಿನಿಮಾ ತೋರಿಸುವುದು ಆ ಬೆನ್ನನ್ನು. ಜಿಯಾ ಕರಾಂಜಿ ಫಿಲಡೆಲ್ಫಿಯಾದ ಹುಡುಗಿ. ಹದಿನೆಂಟರ ಹೊತ್ತಿಗೆ ನ್ಯೂಯಾರ್ಕ್ ಸೇರಿದಳು. ಇಪ್ಪತ್ತು ತುಂಬುವ ಮೊದಲೇ ಫ್ಯಾಶನ್ ಪತ್ರಿಕೆ ವೋಗ್‌ನ ಮುಖಪುಟದಲ್ಲಿದ್ದಳು. ಹಿಂದೆಯೇ ಹೆರಾಯಿನ್ ಚಟ ಹತ್ತಿತು. 1986ರ ನವೆಂಬರಿನಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವಳಿಗೆ ಬರೀ 26. 1982ರ ಏಪ್ರಿಲ್ ತಿಂಗಳ ಕಾಸ್ಮೊಪಾಲಿಟನ್ ಪತ್ರಿಕೆಯ ಮುಖಪುಟದಲ್ಲಿ ಅವಳನ್ನು ನೋಡಿ. ಎರಡೂ ಕೈ ಬೆನ್ನ ಹಿಂದೆ. ಅದನ್ನು ಕಂಡಾಗಲೆಲ್ಲ ನನ್ನ ಬೆನ್ನು ಚುಳ್ ಅನ್ನುತ್ತದೆ.

ಕ್ರಿಸ್ಟೋಫರ್ ಸುಮ್ನೆ ಗ್ಲಾಮರ್ ಹುಡುಕಿಕೊಂಡು ಬಂದವರಲ್ಲ, ನಾಟಕಕಾರರು. ಸಾವಿನ ಅಂಚಿನಲ್ಲಿರುವ ಮೂವರು ರೋಗಿಗಳ ಬಗ್ಗೆ ಬರೆದ 'ದಿ ಶ್ಯಾಡೋ ಬಾಕ್ಸ್' ನಾಟಕಕ್ಕೆ 1977ರಲ್ಲೇ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಸಾಯುವವರ ಪಕ್ಕ ಕೂತು ಕೇಳುವುದು ಹೇಗೆಂದು ಅವರಿಗೆ ಗೊತ್ತು. ಈ ಸಿನಿಮಾದಲ್ಲೂ ಅವಳನ್ನು ಬಲ್ಲವರು ಕ್ಯಾಮೆರಾ ಮುಂದೆ ಕೂತು ಮಾತಾಡುವ ಹಾಗೆ ಕತೆ ಕಟ್ಟಿದ್ದಾರೆ. ಒಬ್ಬೊಬ್ಬರು ಹೇಳುವ ಜಿಯಾ ಒಂದೊಂದು ಥರ.

ಸತ್ತವಳನ್ನು ಕೇಳದೆ ಸಿನಿಮಾ ಮಾಡಿದರು ಅನ್ನುವವರಿದ್ದಾರೆ. ಹಾಗಾದರೆ ಸತ್ತವರ ಫೋಟೋಕ್ಕೆ ಹಾರ ಹಾಕುವುದೂ ತಪ್ಪು ಅಲ್ವಾ? ಬದುಕಿದ್ದಾಗ ಅಷ್ಟು ಫೋಟೋ ತೆಗೆದರಲ್ಲ, ಮೈಗೆ ಹುಷಾರಿದೆಯಾ ಅಂತ ಆಗ ಯಾರು ಕೇಳಿದರು?

ನನ್ನ ಮಗಳಿಗೆ ಈಗ ಇಪ್ಪತ್ತು. ಬೆಂಗಳೂರಿಗೆ ಹೋಗಿ ಮಾಡೆಲಿಂಗ್ ಮಾಡುತ್ತೇನೆ ಅಂತಾಳೆ. ಬೇಡ ಅನ್ನಲಿಲ್ಲ. ಇಬ್ಬರೂ ಕೂತು 'ಜಿಯಾ' ನೋಡಿದೆವು. ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ "ಅಮ್ಮ, ಆ ಪಿನ್ನು ಎಲ್ಲಿ ಚುಚ್ಚಿತ್ತು?" ಅಂದಳು. ತೋರಿಸಿದೆ.

ವಿರೋಧ: ಬೇಡಿತ್ತು

ಶಿರಸಿ ಕಡೆ ತಾಳಮದ್ದಲೆಯಲ್ಲಿ ವಾಲಿಯ ಅರ್ಥ ಹೇಳಲು ಕೂತವರು ವಾಲಿಯ ಪರವಾಗಿಯೇ ಮಾತಾಡಬೇಕು. ಈ ಸಲ ನನ್ನ ಪಾಲಿಗೆ ವಿರೋಧ ಬಂದಿದೆ. ಜಿಯಾ ಪಾತ್ರದಲ್ಲಿ ಏಂಜಲಿನಾ ಜೋಲಿಯ ಅಭಿನಯ ನನಗೂ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ನಿರ್ದೇಶಕರ ವಿಷಯ. ಕಾರವಾರದ ಅಕ್ಕ ಪುಲಿಟ್ಜರ್ ಎತ್ತುತ್ತಾರೆ ಅಂತ ಗೊತ್ತು. ಆದರೆ ಒಳ್ಳೆಯ ನಾಟಕ ಬರೆದವರೆಲ್ಲ ಒಳ್ಳೆಯ ಸಿನಿಮಾ ಮಾಡಬೇಕೆಂದಿಲ್ಲ. ಇದಾದ ಮೇಲೆ ಅವರು ಮಾಡಿದ್ದು 1999ರಲ್ಲಿ 'ಬಾಡಿ ಶಾಟ್ಸ್', 2001ರಲ್ಲಿ ಅದೇ ಜೋಲಿಯೊಂದಿಗೆ 'ಒರಿಜಿನಲ್ ಸಿನ್'. ವಿಮರ್ಶಕರು ಎರಡನ್ನೂ ಮೆಚ್ಚಲಿಲ್ಲ. 'ಜಿಯಾ'ದಲ್ಲೂ ಮೈ ತೋರಿಸುವ ದೃಶ್ಯಗಳು ಜಾಸ್ತಿಯಾದವು. ಡ್ರಗ್ಸ್ ಕೆಟ್ಟದ್ದು ಅಂತ ಹೇಳಲು ಸಿನಿಮಾ ಬೇಕಿಲ್ಲ, ಮನೆಯಲ್ಲಿ ಹೇಳಿದರೂ ಆಗುತ್ತದೆ.

ನನಗೆ ನಿಜವಾಗಿ ಕಾಡುವುದು ಬೇರೆ. ವಾಲಿ ಬಾಣ ತಿಂದು ನೆಲಕ್ಕೆ ಬಿದ್ದ ಮೇಲೂ ರಾಮನನ್ನು ಪ್ರಶ್ನೆ ಕೇಳುತ್ತಾನೆ. ರಾತ್ರಿಯಿಡೀ ಕೇಳುತ್ತಾನೆ, ರಾಮ ಉತ್ತರ ಕೊಡಲೇಬೇಕು. ಜಿಯಾಗೆ ಆ ಅವಕಾಶ ಇಲ್ಲ. ಅವಳು ಹೋಗಿ ಹನ್ನೆರಡು ವರ್ಷದ ಮೇಲೆ ಬಂದ ಸಿನಿಮಾ ಇದು. ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದದ್ದು ಜೋಲಿಗೆ. ಹೆಸರು ಬಂದದ್ದೂ ಜೋಲಿಗೆ. ಮುಖವನ್ನೇ ನಂಬಿ ಬದುಕಿದ ಹುಡುಗಿ ಜಿಯಾ. ಕಡೆಗೆ ಆ ಮುಖವೂ ಅವಳಿಗೆ ಉಳಿಯಲಿಲ್ಲ.

ಸಿನಿಮಾ ನೋಡಿದ ರಾತ್ರಿ ಮೊಬೈಲಿನಲ್ಲಿ ನಿಜವಾದ ಜಿಯಾಳ ಫೋಟೋ ಹುಡುಕಿದೆ. ಮೊದಲು ಸಿಕ್ಕಿದ್ದನ್ನು ಇವಳಲ್ಲ ಅಂತ ಪಕ್ಕಕ್ಕೆ ಸರಿಸಿದೆ. ಅವಳೇ ಆಗಿದ್ದಳು.