400 ಟೋನ್ ಅದಾವಂತ್ರಿ!

ಈಗಷ್ಟೇ ನಮ್ಮ ಬೆಳಗಾವಿ ಖಡೇಬಜಾರಿನ ಒಂದು ವಾದ್ಯದ ಅಂಗಡಿಯಲ್ಲಿ ನೋಡಿದ್ದು. ತಲೆ ಇನ್ನೂ ಆರಿಲ್ಲ, ಬರಹ ಉದ್ದ ಆದರೆ ಬೈಕೋಬ್ಯಾಡ್ರಿ.

ಏಳೆಂಟು ವರ್ಷದ ಹುಡುಗಿ, ಪಕ್ಕದಲ್ಲಿ ಅವರಪ್ಪ, ಎದುರಿಗೆ ಎರಡು ಕೀಬೋರ್ಡ್. ಅಂಗಡಿಯವನು ಡೆಮೊ ಬಟನ್ ಒತ್ತಿದ, ಯಂತ್ರ ತಾನೇ ಬಾರಿಸಿಕೊಂಡಿತು. "ನೋಡ್ರಿ ಸಾಹೇಬ್ರ, 400 ಟೋನ್ ಅದಾವ. ಇನ್ನೇನ್ ಬೇಕ್ರಿ?" ಅಪ್ಪ ರೊಕ್ಕ ಎಣಿಸಿದ. ಹುಡುಗಿಗೆ "ಒಂದು ಕೀ ಒತ್ತಿ ನೋಡವಾ" ಅಂತ ಒಬ್ಬರೂ ಹೇಳಲಿಲ್ಲ.

ಎತ್ತು ಕೊಳ್ಳುವವ ಹಲ್ಲು ನೋಡ್ತಾನೆ, ನಡಿಗೆ ನೋಡ್ತಾನೆ. ಕೊಂಬಿಗೆ ಹಚ್ಚಿದ ಬಣ್ಣ ಎಣಿಸಲ್ಲ. ಕೀಬೋರ್ಡ್ ಅಂಗಡಿಗೆ ಕಾಲಿಟ್ಟ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತೋ!

ಕೇಳ್ರಿ. ಟೋನ್ ಅಂದರೆ ಯಂತ್ರದಲ್ಲಿ ತುಂಬಿಟ್ಟ ಬೇರೆ ಬೇರೆ ವಾದ್ಯದ ದನಿ. ಕ್ಯಾಸಿಯೊ ಸಿಟಿ-ಎಸ್200ನಲ್ಲೂ 400 ಟೋನ್, ಸಿಟಿ-ಎಸ್300ನಲ್ಲೂ ಅದೇ 400. ಎರಡಕ್ಕೂ 77 ರಿದಮ್, 61 ಕೀ. ನೋಡಲಿಕ್ಕೂ ಅಣ್ಣ ತಮ್ಮ. ಆದರೆ 300ಕ್ಕೆ ಟಚ್ ರೆಸ್ಪಾನ್ಸ್ ಇದೆ, 200ಕ್ಕೆ ಇಲ್ಲ. ಯಮಹಾದಲ್ಲೂ ಇದೇ ಕತೆ: ಪಿಎಸ್‌ಆರ್-ಇ273ರಲ್ಲಿ 401 ದನಿ ಇದ್ದರೂ ಟಚ್ ಇಲ್ಲ, ಇ373ರಲ್ಲಿ ಇದೆ. ಅಂದಮೇಲೆ ಟೋನ್ ಲೆಕ್ಕ ಹೇಳಿ ಮಾರುವವನು ನಿಮಗೆ ಹೇಳಿದ್ದಾದರೂ ಏನು?

ಟಚ್ ಅಂದರೆ ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು. ಪ್ರತಿ ಕೀ ಕೆಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವಷ್ಟರಲ್ಲಿ ಎಷ್ಟು ಹೊತ್ತಾಯಿತು ಅನ್ನೋದರ ಮೇಲೆ ಬೆರಳಿನ ಬೀಸು ಗೊತ್ತಾಗುತ್ತೆ. ಟಚ್ ಇಲ್ಲದ್ದರಲ್ಲಿ ಗುದ್ದಿದರೂ ಅಷ್ಟೇ, ಸವರಿದರೂ ಅಷ್ಟೇ. ವರ್ಷಗಟ್ಟಲೆ ಅದರ ಮೇಲೆ ಕಲಿತ ಕೈ ಪಿಯಾನೊ ಮುಂದೆ ಕೂತರೆ ಒಂದೊಂದು ಸ್ವರವೂ ಒಂದೊಂದು ತೂಕಕ್ಕೆ ಬೀಳುತ್ತೆ.

"ನಮ್ಮ ಪೇಟಿಗೆ ಎಲ್ಲೈತ್ರಿ ಟಚ್ಚು?" ಅಂತ ಹಾರ್ಮೋನಿಯಂನವರು ಕೇಳೇ ಕೇಳ್ತಾರೆ. ರಾಮಭಾವು ವಿಜಾಪುರೆಯವರು ಪೇಟಿ ಕಲಿಸಿದ ಊರು ಇದು, ಪ್ರಶ್ನೆ ಬರಲೇಬೇಕು. ಪೇಟಿಯಲ್ಲಿ ದನಿ ಏರಿಸಿ ಇಳಿಸುವ ಕೆಲಸ ತಿದಿಯದ್ದು, ಎಡಗೈಯದ್ದು. ಕೀಬೋರ್ಡಿಗೆ ತಿದಿ ಎಲ್ಲಿದೆ? ಆ ಕೆಲಸವನ್ನೂ ಬೆರಳೇ ಮಾಡಬೇಕು. ಮುಗೀತಲ್ಲ ವಾದ.

ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ "61 ಕೀ, ಮೈಕ್ ಫ್ರೀ" ಅಂತ ಬರುವವು ಇನ್ನೊಂದು ಜಾತಿ. ಕೀ 61 ಇರ್ತಾವೆ ನಿಜ, ಅಗಲ ಇರಲ್ಲ. ಟೇಪು ತಗೊಂಡು ಹೋಗಿ. ಒಂದು ಬಿಳಿ 'ಸಾ'ದ ಎಡ ಅಂಚಿನಿಂದ ಮುಂದಿನ 'ಸಾ'ದ (ಎಂಟನೇ ಬಿಳಿ ಕೀ) ಎಡ ಅಂಚಿಗೆ ಸುಮಾರು 16.5 ಸೆಂಟಿಮೀಟರ್ ಇರಬೇಕು. 14-15 ಬಂದರೆ ಅದು ಆಟಿಗೆ. ಕ್ಯಾಸಿಯೊ ಎಸ್‌ಎ-46 ಬಿಡ್ರಿ, 32 ಸಣ್ಣ ಕೀ ಅಂತ ಅವರೇ ಬರೆದಿರ್ತಾರೆ, ಮೋಸ ಇಲ್ಲ. ಅದರಲ್ಲಿ ಒಮ್ಮೆಗೆ 8 ಸ್ವರ ಮಾತ್ರ ನುಡೀತಾವೆ. ಕಲಿಯುವವರಿಗೆ ಒಮ್ಮೆಗೆ 32 ಸ್ವರ ನುಡಿದರೆ ಸಾಕು, 48 ಇದ್ದರೆ ನಿಶ್ಚಿಂತೆ.

ಅಗ್ಗದವುಗಳಲ್ಲಿ ಇನ್ನೊಂದು ರೋಗ ಇದೆ. ಕೀಗಳ ವೈರಿಂಗ್ ಅಡ್ಡ-ಉದ್ದ ಜಾಲರಿಯ ಹಾಗೆ ಇರುತ್ತೆ. ಒಂದೊಂದು ಕೀಗೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ) ಹಾಕುವ ಖರ್ಚು ಉಳಿಸಿದರೆ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಒಂದು ನುಡಿಯಲ್ಲ, ಇಲ್ಲಾ ಒತ್ತದ್ದೇ ನುಡಿಯುತ್ತೆ. ಅಂಗಡಿಯಲ್ಲೇ ಎಡಗೈಯಲ್ಲಿ ಸಾ-ಗ-ಪ ಹಿಡಿದು, ಬಲಗೈಯಲ್ಲಿ ಒಂದೊಂದೇ ಸ್ವರ ಸೇರಿಸುತ್ತಾ ಹೋಗಿ. ಎರಡು ನಿಮಿಷದ ಕೆಲಸ. (ಡೆಮೊ ಬಟನ್ ಕಂಡರೆ ನನ್ನ ಬೆರಳೂ ತಡೆಯಲ್ಲ, ಒಪ್ಪಿಕೊಳ್ತೀನಿ. ಆದರೆ ಅದನ್ನು ಕೇಳಿ ರೊಕ್ಕ ಕೊಡಲ್ಲ.)

"ಮೂರು ತಿಂಗಳಿಗೆ ಬಿಟ್ಟುಬಿಡ್ತಾವ ಹುಡುಗ್ರು, ಅಷ್ಟ್ಯಾಕ ರೊಕ್ಕ ಹಾಕೂದು?" ಇದೂ ಒಂದು ಮಾತು. ಬಿಡಲಿ. ಟಚ್ ಇರುವ ಹೆಸರಾಂತ ಕಂಪನಿಯದನ್ನು ಬಿಟ್ಟರೆ ಕೊಳ್ಳುವವರು ಸಿಗ್ತಾರೆ. ಆಟಿಗೆಯನ್ನು ಗುಜರಿಯವನೂ ಮೂಸಲ್ಲ. ಎಷ್ಟೋ ಮಕ್ಕಳು ಬಿಡುವುದಕ್ಕೆ ಆ ಆಟಿಗೆಯೇ ಕಾರಣ ಅನ್ನೋದನ್ನು ಬೇರೆ ಹೇಳಬೇಕೇ?

ಡಬ್ಬಿ ಬಿಚ್ಚಿಸಿ ಅಡಾಪ್ಟರ್ ನೋಡಿ. ಎಸ್300ಕ್ಕೆ 9.5 ವೋಲ್ಟ್, ಯಮಹಾದ ಇ ಸರಣಿಗೆ 12. ಮನೆಯಲ್ಲಿ ಬಿದ್ದಿರೋ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಚುಚ್ಚಿ ಸುಟ್ಟುಕೊಂಡರೆ ವಾರಂಟಿ ನಗುತ್ತೆ. ಕರೆಂಟು ಹೋದಾಗ 6 ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತೆ, ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತೆ. ಕಾಲಲ್ಲಿ ಒತ್ತಿ ದನಿ ಎಳೆಯುವ ಪೆಡಲ್ ಹಾಕಿದಾಗ, ಬಿಟ್ಟರೆ ದನಿ ಎಳೆದು, ಒತ್ತಿದರೆ ನಿಂತರೆ ಕೀಬೋರ್ಡ್ ಕೆಟ್ಟಿಲ್ಲ, ಪೆಡಲಿನ ಪೋಲಾರಿಟಿ (ಸ್ವಿಚ್ಚಿನ ಆನ್-ಆಫ್) ಉಲ್ಟಾ ಅಷ್ಟೇ.

ಮೇಷ್ಟ್ರು ಕಾಳಿ ಒಂದಕ್ಕೆ (ಮೊದಲ ಕರಿ ಕೀಯನ್ನು 'ಸಾ' ಮಾಡಿಕೊಂಡು) ಹಾಡಿಸಿದರೆ ಟ್ರಾನ್ಸ್‌ಪೋಸ್ +1 ಇಟ್ಟು (ಶ್ರುತಿಯನ್ನೇ ಅರ್ಧ ಸ್ವರ ಏರಿಸಿ) ಬಿಳಿ ಒಂದರಿಂದ ಬಾರಿಸುವ ದಾರಿ ಇದೆ. ಸುಲಭ, ಆದರೆ ಕೈ ಕರಿ ಕೀಗಳನ್ನು ಕಲಿಯುವುದೇ ಇಲ್ಲ. ಆಮೇಲೆ ಅದನ್ನು ಸೊನ್ನೆಗೆ ತರಲು ಮರೆತು, ಪೇಟಿ ಜೊತೆ ಅಪಶ್ರುತಿ ಬಂತು ಅಂತ ಪೇಟಿಯವನಿಗೇ ಬೈಯುವುದು.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇನ್ನೊಂದು ಮಾತು: ಧೂಳು. ಕೀ ಕೆಳಗಿನ ರಬ್ಬರಿನ ಇಂಗಾಲದ ಬಿಲ್ಲೆಗೆ ಧೂಳು ಕೂತರೆ ಒಂದು ಕೀ ಮೂಕಾಗುತ್ತೆ, ಇಲ್ಲಾ ಮೆಲ್ಲಗೆ ಒತ್ತಿದರೂ ಕಿರಿಚುತ್ತೆ. ಬಾರಿಸಿದ ಮೇಲೆ ಹಳೇ ಧೋತರ ಹೊದಿಸಿ, ಅಷ್ಟು ಸಾಕು.

ಆ ಹುಡುಗಿಯ ಅಪ್ಪ ಇದನ್ನು ಓದ್ತಾ ಇದ್ದರೆ: ಬಿಲ್ಲು, ಡಬ್ಬಿ, ಥರ್ಮೋಕೋಲ್ ಯಾವುದೂ ಎಸೀಬ್ಯಾಡ್ರಿ. ಮನೆಗೆ ಟಚ್ ಇಲ್ಲದ್ದು ಬಂದಿದ್ದರೆ ನಾಳೆ ಮುಂಜಾನೆನೇ ಹೋಗಿ ಟಚ್ ಇರೋದು ಬದಲಿ ಕೇಳ್ರಿ. ಹೋಗುವಾಗ ಹುಡುಗೀನ ಕರ್ಕೊಂಡು ಹೋಗ್ರಿ, ಈ ಸಲ ಬಟನ್ ಅವಳೇ ಒತ್ತಲಿ.