ನಮ್ಮನ್ನೂ ಒಂದು ಪಕ್ಕದ ದೇಶ ಅಂತ ಮಾಡಿಬಿಡ್ರಿ

ನೇಪಾಳದ 40 ಮೆಗಾವಾಟ್ ಜಲವಿದ್ಯುತ್ತು 2024ರ ನವೆಂಬರ್ 15ರಂದು ಭಾರತದ ತಂತಿ ಹಿಡಿದು ಬಾಂಗ್ಲಾದೇಶ ಮುಟ್ಟಿತು. ಆ ಎರಡು ದೇಶಗಳು ಇಂಧನ ಸಹಕಾರದ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದ್ದು 2018ರಲ್ಲಿ. ಭಾರತವೂ ಸೇರಿ ಮೂವರ ಒಪ್ಪಂದವಾದದ್ದು 2024ರ ಅಕ್ಟೋಬರ್ 3ರಂದು, ಕಠ್ಮಂಡುವಿನಲ್ಲಿ. ಇಷ್ಟು ಕಾದು ಬಂದ ಕರೆಂಟು ಆ ವರ್ಷ ಹರಿದದ್ದು ಒಂದೇ ದಿನ. ಏನೂ ಕೆಟ್ಟು ನಿಂತದ್ದಲ್ಲ. ವರ್ಷಕ್ಕೆ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ ಎಂದು ಕಾಗದದಲ್ಲಿ ಬರೆದಿತ್ತು. ಉದ್ಘಾಟನೆಗೆ ಸಿಕ್ಕಿದ್ದು ಗಡುವಿನ ಕೊನೆಯ ದಿನ.

ಬೆಂಗಳೂರಿನವರು ಇದನ್ನು ಓದಿ ನಕ್ಕಿರಬಹುದು. ರಾಯಚೂರಿನ ಉಷ್ಣವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಚಿಮಣಿ ಕೆಳಗಿನ ಊರುಗಳಲ್ಲಿ ನಗು ಬರುವ ಸಂಗತಿ ಇದರಲ್ಲಿ ಏನೂ ಇಲ್ಲ. ಅಲ್ಲಿ ಏಳುವ ಪ್ರಶ್ನೆಯೇ ಬೇರೆ: "ಯಾವತ್ತು ಬರ್ತಾದ, ಯಾವತ್ತು ಹೋಗ್ತಾದ ಅಂತ ಮೊದಲ ಬರದು ಕೊಟ್ಟಾರೇನ್ರಿ? ಹಂಗಿದ್ರ ನಮ್ಮನ್ನೂ ಒಂದು ಪಕ್ಕದ ದೇಶ ಅಂತ ಮಾಡಿಬಿಡ್ರಿ."

ಬೇಡಿಕೆಗೆ ಇತಿಹಾಸದ ಬೆಂಬಲವಿದೆ. ಕೃಷ್ಣೆ–ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದ್ದಾರೆ. ಈ ಭಾಗಕ್ಕೆಂದು ಸಂವಿಧಾನದ 371ಜೆ ವಿಧಿ ಬಂತು, ನೌಕರಿ, ಸೀಟುಗಳಲ್ಲಿ ಮೀಸಲಾತಿ ಬಂತು. ಪಂಪಿನ ಮೋಟರಿಗೆ ಬೇಕಾದ ಮೂರನೇ ಫೇಸು ಮಾತ್ರ ಅದರ ವ್ಯಾಪ್ತಿಗೆ ಬರಲಿಲ್ಲ. ಉಳಿದ ದಾರಿ ಸಾರ್ವಭೌಮತ್ವ ಒಂದೇ.

ಹೊಸ ದೇಶದ ಆಸ್ತಿ ಸಣ್ಣದೇನಲ್ಲ, ನೆರೆಯ ಬಳ್ಳಾರಿಯನ್ನೂ ಸೇರಿಸಿಕೊಂಡರಂತೂ ಕೇಳುವುದೇ ಬೇಡ. ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ ಎಂಟು ಘಟಕ, 1720 ಮೆಗಾವಾಟ್. ಕುಡತಿನಿಯ ಬಿಟಿಪಿಎಸ್ 1700. ಯರಮರಸ್‌ನಲ್ಲಿ 800ರ ಜೋಡಿ, 1600. ಒಟ್ಟು 5020. ಕುಷ್ಟಗಿ, ಯಲಬುರ್ಗಾ ಕಡೆ ತಿರುಗುವ ಗಾಳಿಯಂತ್ರಗಳ ಲೆಕ್ಕ ಬೇರೆ. ಕಲ್ಲಿದ್ದಲ ಸ್ಥಾವರವೊಂದು ತನ್ನದೇ ಫ್ಯಾನು, ಪಂಪು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗಳಿಗೆ ಉತ್ಪಾದನೆಯ ನೂರಕ್ಕೆ ಎಂಟು-ಒಂಬತ್ತು ಪಾಲು ತಾನೇ ಉಣ್ಣುತ್ತದೆ. ಎಂಟೂ ಘಟಕ ಪೂರ್ತಿ ಓಡಿದ ದಿನ ಆರ್‌ಟಿಪಿಎಸ್ ತನಗಾಗಿ ಇಟ್ಟುಕೊಳ್ಳುವುದೇ ಸುಮಾರು 140 ಮೆಗಾವಾಟ್. ಮೂರು ದೇಶ ಆರು ವರ್ಷ ಕೂತು ಹಂಚಿಕೊಂಡದ್ದು ಅದರ ಮೂರನೇ ಒಂದು ಪಾಲೂ ಆಗುವುದಿಲ್ಲ.

ಇಡೀ ಭಾರತದ ಗ್ರಿಡ್ ಒಂದಾದದ್ದೂ ಇದೇ ನೆಲದಲ್ಲಿ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ, ಈಶಾನ್ಯ ಗ್ರಿಡ್‌ಗಳು ಕುಸಿದು ಅರ್ಧ ದೇಶ ಕತ್ತಲಾದಾಗ ದಕ್ಷಿಣ ಉಳಿದುಕೊಂಡಿತು. ಆಗಿನ್ನೂ ದಕ್ಷಿಣದ ಗ್ರಿಡ್ ಉಳಿದವುಗಳ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ, ನಡುವೆ ಡಿಸಿ ಕೊಂಡಿಗಳಷ್ಟೇ ಇದ್ದವು. 2013ರ ಡಿಸೆಂಬರ್ 31ರಂದು 765 ಕೆವಿ ರಾಯಚೂರು–ಸೊಲ್ಲಾಪುರ ಲೈನು ಚಾರ್ಜ್ ಆಯಿತು. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ 50 ಹರ್ಟ್ಸ್. ಗಂಟು ಹಾಕಿದ್ದು ರಾಯಚೂರಿನಲ್ಲಿ. ಗಂಟು ಹಾಕಿದವರ ಹೊಲದಲ್ಲಿ ಹಗಲು ಎಷ್ಟು ಗಂಟೆ ತ್ರೀ ಫೇಸ್ ಇರುತ್ತದೆ ಎಂದು ಮಾತ್ರ ಕೇಳಬಾರದು.

"ತಲೆ ಮೇಲೆ ಲೈನ್ ಹೋಗ್ಯಾದ, ಒಂದು ತಂತಿ ಇಳಿಸ್ರಿ" ಅನ್ನುವುದು ಹಳೆಯ ಬೇಡಿಕೆ. ಅದಕ್ಕೆ ಇಂಜಿನಿಯರು ಕೊಡುವ ಉತ್ತರ ಸರಿಯಾಗಿಯೇ ಇದೆ. 210ರ ಘಟಕದಲ್ಲಿ ಕರೆಂಟು ಹುಟ್ಟುವುದು 15.75 ಕೆವಿಯಲ್ಲಿ, ಅಲ್ಲೇ ಅದನ್ನು 220 ಇಲ್ಲವೆ 400ಕ್ಕೆ ಏರಿಸಿ ಕಳಿಸುತ್ತಾರೆ. ಆಮೇಲೆ 110, 33, 11 ಎಂದು ಮೆಟ್ಟಿಲಿಳಿದು ಕೊನೆಗೆ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ, ಅಂದರೆ ಟಿಸಿಯಲ್ಲಿ, 433 ವೋಲ್ಟ್ ಆಗಬೇಕು. ಅದಕ್ಕೇ ಪಕ್ಕದೂರಲ್ಲೇ ಹುಟ್ಟಿದ ಕರೆಂಟು ಊರೆಲ್ಲ ಸುತ್ತಿ, ಗುರುತು ಸಿಗದಂತಾಗಿ ಮನೆಗೆ ಬರುತ್ತದೆ. ಈ ಸುತ್ತಾಟವಿಲ್ಲದೆ ನೇರ ಊರಿಗೆ ಇಳಿಯುವುದು ಹಾರುಬೂದಿ ಒಂದೇ. ಅದಕ್ಕೆ ಸಬ್‌ಸ್ಟೇಷನ್ ಬೇಡ, ಶೆಡ್ಯೂಲ್ ಬೇಡ, ತ್ರಿಪಕ್ಷೀಯ ಒಪ್ಪಂದವೂ ಬೇಡ. ನೀರಿನ ಯೋಜನೆಯಾಗಿದ್ದರೆ ಆ ರಾಜ್ಯಕ್ಕೆ ನೂರಕ್ಕೆ 12 ಪಾಲು ಕರೆಂಟು ಪುಕ್ಕಟೆ ಕೊಡುವ ರೂಢಿಯಿದೆ. ಕಲ್ಲಿದ್ದಲಿನಲ್ಲಿ ಪುಕ್ಕಟೆ ಸಿಗುವುದು ಬೂದಿ.

ಇಂಜಿನಿಯರು ಬಾಯಿ ಬಿಡದಿರುವುದು ಕೊನೆಯ ಮೆಟ್ಟಿಲಿನ ಬಗ್ಗೆ. 63 ಕೆವಿಎ ಟಿಸಿ ಐದು ಎಚ್‌ಪಿಯ ಹತ್ತು-ಹನ್ನೆರಡು ಪಂಪನ್ನು ಆರಾಮಾಗಿ ಎಳೆಯುತ್ತದೆ. ದಾಖಲೆಯಲ್ಲಿ ಇರುವುದೂ ಅಷ್ಟೇ. ಹೊಲದಲ್ಲಿ ಇಪ್ಪತ್ತರ ಸುಮಾರು ಇರುತ್ತವೆ, ಅದರಲ್ಲೂ ಐದು ಅಂತ ಬರೆಸಿ ಏಳೂವರೆ ಇಳಿಸಿದವರು ಒಂದಿಷ್ಟು ಜನ. ಪಂಪ್‌ಸೆಟ್ಟಿಗೆಂದು ಸರಕಾರ ಹೇಳಿದ ಏಳು ತಾಸು ಹಗಲಿಗಿಷ್ಟು ರಾತ್ರಿಗಿಷ್ಟು ಹರಿದು ಹಂಚಿಹೋಗಿ, ರಾತ್ರಿ ಒಂದಕ್ಕೆ ತ್ರೀ ಫೇಸ್ ಬರುತ್ತದೆ. ಎಲ್ಲರದೂ ಕರೆಂಟು ಬಂದೊಡನೆ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್. ಎಲ್ಲರ ಮೋಟರೂ ಒಂದೇ ಕ್ಷಣಕ್ಕೆ ಏಳುತ್ತವೆ. ಏಳುವಾಗ ಒಂದೊಂದೂ ತನ್ನ ಮಾಮೂಲಿಯ ಐದಾರು ಪಟ್ಟು ಆಂಪಿಯರ್ ಕೇಳುತ್ತದೆ. ವೋಲ್ಟೇಜು 415ರಿಂದ ಮುನ್ನೂರರ ಆಸುಪಾಸಿಗೆ ಕುಸಿಯುತ್ತದೆ. ತಿರುಗಲಾಗದ ಮೋಟರು ಗೊಂಯ್ ಅನ್ನುತ್ತ ಇನ್ನಷ್ಟು ಕರೆಂಟು ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಟಿಸಿ ಬುಡದ ಫ್ಯೂಸ್ ಹಾರಬೇಕು, ಹಾರುವುದಿಲ್ಲ; ಹೋದ ವರ್ಷವೇ ಅದರ ಜಾಗದಲ್ಲಿ ಯಾರೋ ಪುಣ್ಯಾತ್ಮರು ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ. ಹಾಗಾಗಿ ಟಿಸಿಯೇ ಹೋಗುತ್ತದೆ. ಸ್ಟಾರ್ಟರ್ ಒಳಗೆ ತಡಮಾಡಿ ಚಾಲೂ ಆಗುವ ಟೈಮರ್ ಇರುತ್ತದೆ. ಒಬ್ಬರು ಒಂದು ನಿಮಿಷ, ಪಕ್ಕದವರು ಎರಡು, ಆಚೆಯವರು ಮೂರು ಎಂದು ಇಟ್ಟುಕೊಂಡು, ವೋಲ್ಟೇಜು ಕುಸಿಯದಂತೆ ಐದು ಎಚ್‌ಪಿಗೆ ಎರಡು ಕೆವಿಎಆರ್‌ನ ಕೆಪ್ಯಾಸಿಟರ್ ಕಟ್ಟಿದರೆ ಅರ್ಧ ಟಿಸಿಗಳು ಬದುಕುತ್ತವೆ. ಆದರೆ ಮೂರು ದೇಶಗಳನ್ನು ಒಂದು ಮೇಜಿಗೆ ತರುವುದು ಸುಲಭ, ಒಂದು ಟಿಸಿ ಕೆಳಗಿನ ಇಪ್ಪತ್ತು ಜನರನ್ನು ತರುವುದು ಕಷ್ಟ.

ಸುಟ್ಟ ಟಿಸಿಯನ್ನು ಹಳ್ಳಿಯಲ್ಲಿ 72 ತಾಸಿನೊಳಗೆ ಬದಲಿಸಬೇಕು ಎಂಬ ನಿಯಮವಿದೆ. ಗಡಿಯಾರ ಯಾವಾಗ ಶುರು ಎನ್ನುವುದರಲ್ಲಿ ಇದೆ ಕರಾಮತ್ತು. ದೂರು ದಾಖಲಾದ ಮೇಲೆ ತಾನೆ? ದಾಖಲಾಗುವುದು ಟಿಸಿ ಸ್ಟೋರಿಗೆ ಬಂದ ಮೇಲೆ. ಬರುವುದು ರೈತ ಟ್ರ್ಯಾಕ್ಟರ್ ತಂದ ಮೇಲೆ. ಡೀಸೆಲು ಟ್ರ್ಯಾಕ್ಟರಿನವನದು.

ಇನ್ನು ಪಕ್ಕದ ದೇಶಗಳ ಮರ್ಯಾದೆ ನೋಡಿ. ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಯಾವ ತುಂಡಿನಲ್ಲಿ ಎಷ್ಟು ಕರೆಂಟು ಎಂದು ಹಿಂದಿನ ದಿನವೇ ಬರೆದು ಕಳಿಸುತ್ತಾರೆ. ತಪ್ಪಿದರೆ ದಂಡ. ಬಾಂಗ್ಲಾದ ಭೇಡಾಮಾರಾದಲ್ಲಂತೂ ನಮ್ಮ ಎಸಿಯನ್ನು ಡಿಸಿ ಮಾಡಿ, ಮತ್ತೆ ಎಸಿ ಮಾಡಿ ಒಳಗೆ ಬಿಟ್ಟುಕೊಳ್ಳುತ್ತಾರೆ. 2013ರಲ್ಲಿ 500 ಮೆಗಾವಾಟ್‌ಗೆ ಕಟ್ಟಿದ್ದು, ಆಮೇಲೆ ಇನ್ನೊಂದು 500 ಸೇರಿಸಿದರು. ಒಬ್ಬರ ಗ್ರಿಡ್ಡಿನ ಜ್ವರ ಇನ್ನೊಬ್ಬರಿಗೆ ಅಂಟಬಾರದು ಎಂಬ ಎಚ್ಚರಿಕೆ. ನಮ್ಮ ಕಡೆಯೂ ತಂತ್ರಜ್ಞಾನ ಹಿಂದೆ ಬಿದ್ದಿಲ್ಲ: ಸಿಂಗಲ್ ಫೇಸ್ ಇದ್ದಾಗ ಕಂಡೆನ್ಸರ್ ಕಟ್ಟಿ ತ್ರೀ ಫೇಸ್ ಮೋಟರು ಓಡಿಸುತ್ತಾರೆ. ಅದಕ್ಕೆ ಮಾತ್ರ ಉದ್ಘಾಟನೆ ಇರುವುದಿಲ್ಲ, ವಿಜಿಲೆನ್ಸ್ ಜೀಪು ಬರುತ್ತದೆ.

ಬಾಕಿಯ ವಿಷಯದಲ್ಲೂ ವಿದೇಶವೇ ಮೇಲು. ಜಾರ್ಖಂಡಿನ ಗೊಡ್ಡಾದಲ್ಲಿ ಬಾಂಗ್ಲಾಕ್ಕೆಂದೇ ಕಟ್ಟಿದ ಸ್ಥಾವರ ಇದೆ. ಅದೂ ನಮ್ಮ ಯರಮರಸ್‌ನಂತೆ 800ರ ಜೋಡಿ. ಬಾಕಿ ಕೋಟ್ಯಂತರ ಡಾಲರ್ ದಾಟಿದ ಮೇಲೆ, 2024ರ ಕೊನೆಯಲ್ಲಿ, ಪೂರೈಕೆ ಕಡಿಮೆ ಮಾಡಿದರು. ಅಲ್ಲಿವರೆಗೆ ಪತ್ರವ್ಯವಹಾರ. ನಮ್ಮಲ್ಲಿ ನಾನೂರು ರೂಪಾಯಿ ಬಾಕಿಗೆ ಏಣಿ ಹತ್ತಿ ತಂತಿ ಕತ್ತರಿಸುತ್ತಾರೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲವಲ್ಲ ಎಂದು ಕೇಳಬಹುದು. ಹೌದು, ಬಿಲ್ ಇಲ್ಲ, ಹಾಗಾಗಿ ಒಪ್ಪಂದವೂ ಇಲ್ಲ, ಹಾಗಾಗಿ ಟೈಮೂ ಇಲ್ಲ. ನೇಪಾಳದವರು ಯೂನಿಟ್ಟಿಗೆ 6.40 ಅಮೆರಿಕನ್ ಸೆಂಟ್ ಇಸಿದುಕೊಳ್ಳುತ್ತಾರೆ. ಹಗಲು ಕೊಡುವುದಾದರೆ ಎಡೆದೊರೆಯೂ ಸೆಂಟ್ ಎಣಿಸಲು ಸಿದ್ಧ.

ಅರ್ಜಿ ಸಲ್ಲಿಸುವ ಕ್ರಮ 2018ರ ಡಿಸೆಂಬರಿನ ಗಡಿಯಾಚೆ ವಿದ್ಯುತ್ ವ್ಯಾಪಾರದ ಮಾರ್ಗಸೂಚಿಯಲ್ಲಿದೆ. ಅನುಮತಿ ಕೊಡುವುದು ಕೇಂದ್ರ ವಿದ್ಯುತ್ ಪ್ರಾಧಿಕಾರ. ಗಡಿಯಲ್ಲಿ ಮೀಟರ್ ಬೇಕು: ಕೃಷ್ಣಾ ಸೇತುವೆ ಇದೆ. ಹಂಚಿಕೊಂಡ ಅನುಭವ ಬೇಕು: ಮುನಿರಾಬಾದಿನ ಎದುರು ದಂಡೆಯ ತುಂಗಭದ್ರಾ ಮಂಡಳಿ ವಿದ್ಯುದಾಗಾರಗಳ ಕರೆಂಟಿನಲ್ಲಿ ಐದಕ್ಕೆ ನಾಲ್ಕು ಪಾಲು ಆಂಧ್ರಕ್ಕೆ ಕೊಟ್ಟು ಒಂದರಲ್ಲಿ ಸುಧಾರಿಸಿಕೊಂಡವರು ನಾವು. ನಡುವೆ ಒಬ್ಬ ವ್ಯಾಪಾರಿ ಬೇಕು: ಅದಕ್ಕೆ ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಬರವಿಲ್ಲ. ಸಾರ್ಕ್ ಬಾಗಿಲು ತಟ್ಟೋಣವೆಂದರೆ, ವಿದ್ಯುತ್ ಸಹಕಾರದ ಚೌಕಟ್ಟಿಗೆ ಎಂಟು ದೇಶ ಸಹಿ ಹಾಕಿದ 2014ರ ನವೆಂಬರಿನ ಶೃಂಗಸಭೆಯೇ ಕೊನೆಯದು, ಮುಂದಿನದು ಈವರೆಗೆ ಕೂಡಿಲ್ಲ.

ಅರ್ಜಿ ಎಡವುವುದು ಚೀನಾ ಕಲಮಿನಲ್ಲಿ. ಚೀನಾದವರ ಬಂಡವಾಳ, ಗುತ್ತಿಗೆ ಇರುವ ಸ್ಥಾವರದ ಕರೆಂಟನ್ನು ಭಾರತ ಕೊಳ್ಳುವುದಿಲ್ಲ. ನೇಪಾಳದ 456 ಮೆಗಾವಾಟಿನ ಅಪ್ಪರ್ ತಾಮಾಕೋಶಿಯನ್ನು ಇದೇ ಕಾರಣಕ್ಕೆ ಹೊರಗಿಟ್ಟರು. ಆರ್‌ಟಿಪಿಎಸ್ ಪಾಸಾಗುತ್ತದೆ, ಅದರ ಯಂತ್ರಗಳು ಭಾರತದ್ದೇ ಕಂಪನಿ ಬಿಎಚ್‌ಇಎಲ್‌ನವು. ಹೊಲದ ತಪಾಸಣೆ ಶುರುವಾದಾಗಲೇ ಫಜೀತಿ. ಎಲ್‌ಇಡಿ ಬಲ್ಬು, ಮೋಟರಿಗೆ ಕಟ್ಟಿದ ಮೊಬೈಲ್ ಸ್ಟಾರ್ಟರಿನ ಒಳಗಿನ ಚಿಪ್ಪು, ಎಲ್ಲ ಅಲ್ಲಿನವೇ. ಅವನ್ನು ಬಿಚ್ಚಿಟ್ಟರೂ ಟಾರ್ಚ್ ಉಳಿಯುತ್ತದೆ. ರಾತ್ರಿ ಒಂದಕ್ಕೆ, ಹಾವು ಹರಿದಾಡುವ ಭತ್ತದ ಬದುವಿನ ಮೇಲೆ, ಚೀನಾ ಟಾರ್ಚಿಲ್ಲದೆ ಪಂಪಿನ ತನಕ ಯಾರೂ ಹೋಗಲಾರರು. ಟಾರ್ಚ್ ಬಿಡಬೇಕೆಂದರೆ ಹಗಲು ಕರೆಂಟು ಬೇಕು. ಹಗಲು ಕರೆಂಟು ಬೇಕೆಂದರೆ ಪಕ್ಕದ ದೇಶವಾಗಬೇಕು. ಪಕ್ಕದ ದೇಶವಾಗಬೇಕೆಂದರೆ ಟಾರ್ಚ್ ಬಿಡಬೇಕು.