ಅಜ್ಜಿಯ ಕೋಳಿ, ಮಗುವಿನ ದವಡೆ

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂತ ಬೀಗುತ್ತಿದ್ದ ಅಜ್ಜಿ ನೆನಪಿದ್ದಾಳೆ ಅಲ್ವಾ? ಅವಳು ಈಗ ಹಲ್ಲಿನ ಕ್ಲಿನಿಕ್ ಇಟ್ಟಿದ್ದಾಳೆ.

ಉಬ್ಬು ಹಲ್ಲಿನ ಎಂಟು ವರ್ಷದ ಮಗುವನ್ನು ಕರೆದುಕೊಂಡು ಹೋಗಿ ನೋಡಿ. ಕೆಳದವಡೆ ಹಿಂದೆ ಉಳಿದಿದೆ, ಈಗಲೇ ಟ್ವಿನ್ ಬ್ಲಾಕ್ ಹಾಕಿಸಿದರೆ ಮುಂದಕ್ಕೆ ಬೆಳೆಯುತ್ತೆ ಅಂತಾಳೆ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಮಾಡಿದ ಸಾಧನ ಅದು. ಮೇಲೊಂದು ಕೆಳಗೊಂದು ಪ್ಲೇಟು, ಬಾಯಿ ಮುಚ್ಚಿದರೆ ದವಡೆ ಮುಂದಕ್ಕೆ ಜಾರಲೇಬೇಕು. ಸಾಕ್ಷಿಗೆ ಆಲ್ಬಮ್ ಇದೆ. ಎಂಟಕ್ಕೆ ಗದ್ದವೇ ಇಲ್ಲ, ಹನ್ನೊಂದಕ್ಕೆ ಗದ್ದ ಬಂತು! ಈ ನಡುವೆ ಮಗುವಿನ ಚಪ್ಪಲಿ ಸೈಜೂ ಬೆಳೆದಿದೆ. ಪುಣ್ಯಕ್ಕೆ ಅದನ್ನು ಪ್ಲೇಟಿನ ಲೆಕ್ಕಕ್ಕೆ ಬರೆದಿಲ್ಲ.

ಹಳೆಯ ಸಂಶೋಧನೆಗಳಲ್ಲೂ ಬಹಳಷ್ಟು ಇಂಥ ಆಲ್ಬಮ್ಮೇ. ಚಿಕಿತ್ಸೆ ಮುಗಿಸಿದವರ ಫೈಲು ತೆಗೆ, ಚೆನ್ನಾಗಿ ಬಂದವರನ್ನು ಅಳೆ, ಹೋಲಿಸೋಕೆ ಯಾವುದೋ ಕಾಲದ ಅಮೆರಿಕದ ಮಕ್ಕಳ ಎಕ್ಸ್‌ರೇ ತಂದಿಡು. ಟ್ಯೂಷನ್ ಸೆಂಟರಿನ ಫ್ಲೆಕ್ಸ್ ಇದ್ದ ಹಾಗೆ, ರ್‍ಯಾಂಕ್ ಬಂದವರ ಮುಖ ಮಾತ್ರ. ಬ್ರಿಟನ್ನಿನಲ್ಲಿ 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಟ್ವಿನ್ ಬ್ಲಾಕ್ ಹಾಕಿಸಿಕೊಂಡವರಲ್ಲಿ ಸುಮಾರು ಮೂವರಿಗೊಬ್ಬರು ಚಿಕಿತ್ಸೆ ಮುಗಿಸಲೇ ಇಲ್ಲ. ಆ ಮೂರನೆಯವನು ಯಾವ ಫ್ಲೆಕ್ಸಿನಲ್ಲೂ ಇರೋಲ್ಲ.

ಕತೆಯ ಅಜ್ಜಿ ಮುನಿಸಿಕೊಂಡು ಕೋಳಿ ಸಮೇತ ಊರು ಬಿಟ್ಟಳಲ್ಲ, ಪರೀಕ್ಷೆ ಅಂದರೆ ಅದು. ಕೋಳಿ ಇಲ್ಲದೆಯೂ ಬೆಳಗಾಯಿತು. ದವಡೆಗೆ ಆ ಪರೀಕ್ಷೆ ಮಾಡಿದವರು ಅಮೆರಿಕದ ನಾರ್ತ್ ಕೆರೊಲಿನಾ, ಫ್ಲಾರಿಡಾದವರು, ಜೊತೆಗೆ ಬ್ರಿಟನ್ನಿನ ಕೆವಿನ್ ಒಬ್ರಿಯನ್ ತಂಡ. ಆ ತಂಡ 8ರಿಂದ 10 ವರ್ಷದ 174 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಮಕ್ಕಳಿಗೆ ಆಗಲೇ ಪ್ಲೇಟು ಹಾಕಿತು, ಉಳಿದವರನ್ನು ಕಾಯಿಸಿತು. ಕೊನೆಗೆ ಎಲ್ಲರ ಚಿಕಿತ್ಸೆ ಮುಗಿದಾಗ ದವಡೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ, ಬೇಗ ಶುರುಮಾಡಿದವರಿಗೆ ಓಡಾಟ, ಖರ್ಚು ಮಾತ್ರ ಜಾಸ್ತಿ. ಉಬ್ಬು ಹಲ್ಲು ಒಳಗೆ ಹೋಗೋದು ನಿಜ, ಆದರೆ ಬಹುಪಾಲು ಹಲ್ಲೇ ವಾಲಿಕೊಂಡು. ಬೇಗ ಹಾಕಿಸಿದರೆ ಬಿದ್ದಾಗ ಮುಂದಿನ ಹಲ್ಲಿಗೆ ಪೆಟ್ಟಾಗೋದು ಕಡಿಮೆ, ಅದೂ ನಿಜ. ಅದನ್ನು ಬೋರ್ಡಿಗೆ ಹಾಕೋರು ಯಾರು? ಹೆಲ್ಮೆಟ್ ಅಂಗಡಿ ಅಂದುಕೊಂಡಾರು.

ಇಷ್ಟೆಲ್ಲ ಹೇಳಿದರೆ ಅಜ್ಜಿ ಆಲ್ಬಮ್ ಮುಂದೆ ತಳ್ಳುತ್ತಾಳೆ. "ಬೇರೆಯವರದು ಗೊತ್ತಿಲ್ಲಪ್ಪ, ನನ್ನ ಕೈಗುಣ ಚೆನ್ನಾಗಿದೆ."

ಸರಿ ಅಜ್ಜಿ, ಆ ಮೂರನೆಯವನ ಫೋಟೋ ಎಲ್ಲಿ?

"ಅವನು ಆಮೇಲೆ ಬರಲೇ ಇಲ್ಲ ಕಣೋ, ಫೋಟೋ ಎಲ್ಲಿಂದ ತೆಗೀಲಿ?"